ಪೆಟ್ರೋಲಿಗೆ ಕಿಡಿ, ಡೀಸೆಲಿಗೆ ಕಾವು
(ರೈತರ ಎಂಜಿನ್ನುಗಳಲ್ಲಿ ಎರಡು ಇಂಧನಗಳ ನಡತೆ)

ಮೈಸೂರು ನಗರಕ್ಕೆ ಎಂಜಿನ್ ಹೊಸದಲ್ಲ. ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳು ಹೊರಬಂದವು. ಇವೆಲ್ಲ ಪೆಟ್ರೋಲಿನಿಂದ ಓಡುವಂಥವು. ಇದೇ ನಗರದಲ್ಲಿರುವ ಬಿ.ಇ.ಎಂ.ಎಲ್. ಸಂಸ್ಥೆಯ ಘಟಕದಲ್ಲಿ ಗಣಿಗಾರಿಕೆ ಮತ್ತು ಮಣ್ಣು ಕೆಲಸದ ಭಾರಿ ಯಂತ್ರಗಳಿಗೆ ಬೇಕಾದ ಡೀಸೆಲ್ ಎಂಜಿನ್ನುಗಳು ತಯಾರಾಗುತ್ತವೆ. ಒಂದೇ ಊರಿನಲ್ಲಿ ಬೆಳೆದ ಈ ಎರಡು ಬಗೆಯ ಎಂಜಿನ್ನುಗಳು ಇಂದು ಸುತ್ತಲಿನ ಪ್ರತಿ ಹಳ್ಳಿಯಲ್ಲೂ ಇವೆ. ಟ್ರ್ಯಾಕ್ಟರ್, ಪವರ್ ಟಿಲ್ಲರ್ ಮತ್ತು ಆಯಿಲ್ ಎಂಜಿನ್ ಪಂಪುಗಳಿಗೆ ಡೀಸೆಲ್ ಬೇಕು. ಕಳೆ ಕತ್ತರಿಸುವ ಯಂತ್ರ, ಬೆನ್ನಿಗೆ ಹೊರುವ ಪವರ್ ಸ್ಪ್ರೇಯರ್, ಸಣ್ಣ ಪಂಪು ಮತ್ತು ಮೋಟಾರ್ ಸೈಕಲ್ಲುಗಳಿಗೆ ಪೆಟ್ರೋಲ್ ಬೇಕು. ಹೀಗಾಗಿ ಅನೇಕ ರೈತರ ಮನೆಯ ಮೂಲೆಯಲ್ಲಿ ಎರಡು ಕ್ಯಾನುಗಳು ಒಂದರ ಪಕ್ಕದಲ್ಲಿ ಒಂದು ಇರುತ್ತವೆ.

ಎರಡೂ ನೆಲದಡಿಯ ಕಚ್ಚಾ ತೈಲದಿಂದ ಬಂದ ಎಣ್ಣೆಗಳೇ. ಆದರೆ ಎಂಜಿನ್ನಿನ ಒಳಗೆ ಇವುಗಳ ನಡತೆ ಒಂದಕ್ಕೊಂದು ವಿರುದ್ಧ. ಈ ವ್ಯತ್ಯಾಸವನ್ನು ತಿಳಿದುಕೊಂಡರೆ ಎಂಜಿನ್ನಿನ ಆಯ್ಕೆ, ರಿಪೇರಿ, ಇಂಧನದ ಉಳಿತಾಯ ಮತ್ತು ಪ್ರಾಣರಕ್ಷಣೆ ಇವೆಲ್ಲವೂ ಸುಲಭವಾಗುತ್ತವೆ.

ಮೂಲ ವ್ಯತ್ಯಾಸ

ಪೆಟ್ರೋಲ್ ಬೇಗ ಆವಿಯಾಗುತ್ತದೆ. ಡೀಸೆಲ್ ಸುಲಭವಾಗಿ ಆವಿಯಾಗುವುದಿಲ್ಲ. ತೆರೆದ ಬಾಯಿಯ ಪೆಟ್ರೋಲ್ ಪಾತ್ರೆಯಿಂದ ಎಷ್ಟೇ ಚಳಿಯಿದ್ದರೂ ಆವಿ ಏಳುತ್ತಲೇ ಇರುತ್ತದೆ. ಒಂದು ಸಣ್ಣ ಕಿಡಿ ಸೋಕಿದರೆ ಸಾಕು, ಭಗ್ಗೆಂದು ಹತ್ತಿಕೊಳ್ಳುತ್ತದೆ. ಡೀಸೆಲ್ ನಮ್ಮ ಸಾಮಾನ್ಯ ಹವೆಯಲ್ಲಿ ಅಷ್ಟು ಸುಲಭವಾಗಿ ಹತ್ತಿಕೊಳ್ಳುವುದಿಲ್ಲ. ಇದನ್ನು ಕಂಡ ನಾವು ಪೆಟ್ರೋಲು ಬೇಗ ಉರಿಯುವಂಥದು, ಡೀಸೆಲು ನಿಧಾನದ್ದು ಎಂದು ತೀರ್ಮಾನಿಸುತ್ತೇವೆ.

ಆದರೆ ಇದು ಅರ್ಧ ಸತ್ಯ ಮಾತ್ರ. ಕಿಡಿಯನ್ನಾಗಲಿ ಜ್ವಾಲೆಯನ್ನಾಗಲಿ ತೋರಿಸದೆ ಬರೀ ಕಾವಿನಿಂದಲೇ ಹತ್ತಿಕೊಳ್ಳುವಂತೆ ಮಾಡಿದರೆ ಡೀಸೆಲೇ ಮುಂದು. ಡೀಸೆಲ್ ಸುಮಾರು 210 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ತಾನಾಗಿಯೇ ಹತ್ತಿಕೊಳ್ಳಬಲ್ಲದು. ಪೆಟ್ರೋಲಿಗೆ ಅದಕ್ಕಿಂತ ಹೆಚ್ಚಿನ ಕಾವು, ಅಂದರೆ ಸುಮಾರು 250 ಡಿಗ್ರಿ ಅಥವಾ ಅದಕ್ಕೂ ಮೇಲೆ ಬೇಕು. ಪೆಟ್ರೋಲ್ ಕಿಡಿಗೆ ಕಾಯುತ್ತದೆ, ಡೀಸೆಲ್ ಕಾವಿಗೆ ಕಾಯುತ್ತದೆ. ಎರಡು ಎಂಜಿನ್ನುಗಳ ರಚನೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಪೆಟ್ರೋಲ್ ಎಂಜಿನ್ ಕೆಲಸ ಮಾಡುವ ಬಗೆ

ಜರ್ಮನಿಯ ನಿಕೊಲಾಸ್ ಆಟೋ ಎಂಬಾತ 1876ರಲ್ಲಿ ರೂಪಿಸಿದ ನಾಲ್ಕು ಹೊಡೆತಗಳ ಎಂಜಿನ್ನೇ ಇಂದಿನ ಪೆಟ್ರೋಲ್ ಎಂಜಿನ್ನುಗಳ ಮೂಲ. ಇದರಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲೇ ಬೆರೆತು ಸಿಲಿಂಡರಿನ ಒಳಗೆ ಬರುತ್ತವೆ. ಸಣ್ಣ ಯಂತ್ರಗಳಲ್ಲಿ ಈ ಬೆರಕೆಯನ್ನು ಮಾಡುವುದು ಕಾರ್ಬ್ಯುರೇಟರ್. ಸುಮಾರು 15 ಭಾಗ ಗಾಳಿಗೆ 1 ಭಾಗ ಪೆಟ್ರೋಲ್, ಅದೂ ತೂಕದ ಲೆಕ್ಕದಲ್ಲಿ. ಪಿಸ್ಟನ್ ಮೇಲೇರಿ ಈ ಮಿಶ್ರಣವನ್ನು ಅದರ ಎಂಟನೆಯ ಅಥವಾ ಹತ್ತನೆಯ ಒಂದು ಭಾಗಕ್ಕೆ ಅದುಮುತ್ತದೆ. ಆಗ ಸ್ಪಾರ್ಕ್ ಪ್ಲಗ್ಗು ಕಿಡಿ ಕೊಡುತ್ತದೆ. ಮಿಶ್ರಣ ಹತ್ತಿ ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ.

ಇನ್ನೂ ಹೆಚ್ಚು ಅದುಮಿದರೆ ಹೆಚ್ಚು ಶಕ್ತಿ ಸಿಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಸಿಗುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಅತಿಯಾಗಿ ಅದುಮಿದಾಗ ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ದೂರದ ಮೂಲೆಯಲ್ಲಿರುವ ಮಿಶ್ರಣ ತಾನಾಗಿ ಸಿಡಿಯುತ್ತದೆ. ಆಗ ಎಂಜಿನ್ನಿನಲ್ಲಿ ಸುತ್ತಿಗೆಯಿಂದ ತಟ್ಟಿದಂತೆ ಟಕಟಕ ಸದ್ದು ಬರುತ್ತದೆ. ಇದು ಮುಂದುವರಿದರೆ ಪಿಸ್ಟನ್ ಸುಟ್ಟು ತೂತಾಗುವುದುಂಟು. ಆದ್ದರಿಂದ ಪೆಟ್ರೋಲಿಗೆ ಇರಬೇಕಾದ ಗುಣ ತಾಳ್ಮೆ. ಕಿಡಿ ಬರುವವರೆಗೆ ಹತ್ತಿಕೊಳ್ಳದೆ ತಡೆದು ನಿಲ್ಲುವ ಈ ಗುಣವನ್ನು ಆಕ್ಟೇನ್ ಸಂಖ್ಯೆಯಿಂದ ಅಳೆಯುತ್ತಾರೆ. ನಮ್ಮ ದೇಶದ ಸಾಮಾನ್ಯ ಪೆಟ್ರೋಲಿನಲ್ಲಿ ಈ ಸಂಖ್ಯೆ ಒಂದು ಮಿತಿಗಿಂತ ಕಡಿಮೆ ಇರಬಾರದೆಂದು ನಿಯಮವಿದೆ.

ಡೀಸೆಲ್ ಎಂಜಿನ್ ಕೆಲಸ ಮಾಡುವ ಬಗೆ

ಜರ್ಮನಿಯವನೇ ಆದ ರುಡಾಲ್ಫ್ ಡೀಸೆಲ್ ಬೇರೆ ದಾರಿ ಹಿಡಿದ. 1897ರಲ್ಲಿ ಯಶಸ್ವಿಯಾಗಿ ನಡೆದ ಅವನ ಎಂಜಿನ್ನಿನಲ್ಲಿ ಕಿಡಿ ಕೊಡುವ ಸಾಧನವೇ ಇರಲಿಲ್ಲ. ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯುವಾಗ ಪಂಪಿನ ಕೆಳತುದಿ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಮೊದಲು ಬರುವುದು ಬರಿಯ ಗಾಳಿ. ಅದನ್ನು ಹದಿನಾರರಿಂದ ಇಪ್ಪತ್ತನೆಯ ಒಂದು ಭಾಗಕ್ಕೆ ಅದುಮಿದಾಗ ಅದರ ಕಾವು 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕ್ಷಣದಲ್ಲಿ ನಾಜಲ್ ಮೂಲಕ ಡೀಸೆಲನ್ನು ಮಂಜಿನಂತಹ ತುಂತುರಾಗಿ ಸಿಂಪಡಿಸಲಾಗುತ್ತದೆ. ಕಾದ ಗಾಳಿ ಸೋಕಿದೊಡನೆ ಡೀಸೆಲ್ ಹತ್ತಿಕೊಳ್ಳುತ್ತದೆ.

ಇಲ್ಲಿ ಇಂಧನಕ್ಕೆ ಇರಬೇಕಾದ ಗುಣ ತಾಳ್ಮೆಯಲ್ಲ, ಆತುರ. ಸಿಂಪಡಿಸಿದ ಡೀಸೆಲ್ ತಡವಾಗಿ ಹತ್ತಿದರೆ ಅಷ್ಟರಲ್ಲಿ ಸಿಲಿಂಡರಿನಲ್ಲಿ ಹೆಚ್ಚು ಡೀಸೆಲ್ ಸೇರಿರುತ್ತದೆ. ಎಲ್ಲವೂ ಒಮ್ಮೆಗೇ ಸಿಡಿದು ಎಂಜಿನ್ ಬಡಿದುಕೊಳ್ಳುತ್ತದೆ. ಬೇಗ ಹತ್ತಿಕೊಳ್ಳುವ ಈ ಗುಣವನ್ನು ಸೀಟೇನ್ ಸಂಖ್ಯೆಯಿಂದ ಅಳೆಯುತ್ತಾರೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿ.ಎಸ್.6 ಡೀಸೆಲಿನಲ್ಲಿ ಇದು ಕನಿಷ್ಠ 51 ಇರಬೇಕು. ಆಕ್ಟೇನ್ ಮತ್ತು ಸೀಟೇನ್ ಪರಸ್ಪರ ವಿರುದ್ಧ ಗುಣಗಳು. ಒಳ್ಳೆಯ ಪೆಟ್ರೋಲ್ ಎಂದರೆ ಕೆಟ್ಟ ಡೀಸೆಲ್; ಒಳ್ಳೆಯ ಡೀಸೆಲ್ ಎಂದರೆ ಕೆಟ್ಟ ಪೆಟ್ರೋಲ್.

ಹ್ಯಾಂಡಲ್ ಹಾಕಿ ತಿರುಗಿಸುವ ಆಯಿಲ್ ಎಂಜಿನ್ ಇರುವವರು ಈ ತತ್ವವನ್ನು ತಮ್ಮ ತೋಳಿನಿಂದಲೇ ಬಲ್ಲರು. ಎಂಜಿನ್ನಿನ ತಲೆಯ ಮೇಲಿರುವ ಡೀಕಂಪ್ರೆಷನ್ ಲಿವರ್ ಎತ್ತಿದಾಗ ಹ್ಯಾಂಡಲ್ ಸರಾಗವಾಗಿ ತಿರುಗುತ್ತದೆ, ಏಕೆಂದರೆ ಗಾಳಿ ಅದುಮದೆ ಹೊರಗೆ ಹೋಗುತ್ತದೆ. ಭಾರವಾದ ಚಕ್ರಕ್ಕೆ ವೇಗ ಬಂದೊಡನೆ ಲಿವರ್ ಬಿಡುತ್ತೇವೆ. ಗಾಳಿ ಅದುಮಿ, ಕಾದು, ಎಂಜಿನ್ ಹತ್ತಿಕೊಳ್ಳುತ್ತದೆ. ಪಿಸ್ಟನ್ ರಿಂಗುಗಳು ಸವೆದು ಗಾಳಿ ಪಕ್ಕದಿಂದ ಸೋರಿಹೋದರೆ ಸಾಕಷ್ಟು ಕಾವು ಹುಟ್ಟುವುದಿಲ್ಲ. ಅಂಥ ಎಂಜಿನ್ನು ಪುಷ್ಯ ಮಾಸದ ಚಳಿಯ ಬೆಳಿಗ್ಗೆ ಎಷ್ಟು ತಿರುಗಿಸಿದರೂ ಹತ್ತಿಕೊಳ್ಳದೆ, ಮಧ್ಯಾಹ್ನ ಬಿಸಿಲೇರಿದ ಮೇಲೆ ಸುಲಭವಾಗಿ ಹತ್ತಿಕೊಂಡರೆ ದೋಷ ಡೀಸೆಲಿನದಲ್ಲ, ರಿಂಗಿನದು ಅಥವಾ ವಾಲ್ವಿನದು ಇರಬಹುದು. ಇಂಥ ಸಮಯದಲ್ಲಿ ಗಾಳಿ ಬರುವ ಬಾಯಿಗೆ ಪೆಟ್ರೋಲ್ ಸುರಿದು ಹೊತ್ತಿಸುವ ಅಭ್ಯಾಸ ಅಪಾಯಕಾರಿ. ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಹ್ಯಾಂಡಲ್ ತಿರುಗಿಬಡಿದರೆ ಕೈ ಮುರಿಯುತ್ತದೆ.

ಖರ್ಚಿನ ಲೆಕ್ಕ

ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗಿದರೆ ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಕಿಲೋಗ್ರಾಂ ಲೆಕ್ಕದಲ್ಲಿ ಎರಡರ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಲೀಟರ್ ಲೆಕ್ಕದಲ್ಲಿ ಮಾತ್ರ ಡೀಸೆಲಿನಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಹೆಚ್ಚು ಶಕ್ತಿ ಇದೆ. ಇದರ ಜೊತೆಗೆ ಹೆಚ್ಚು ಅದುಮುವ ಕಾರಣದಿಂದ ಡೀಸೆಲ್ ಎಂಜಿನ್ನು ಇಂಧನದ ಶಕ್ತಿಯ ಹೆಚ್ಚು ಪಾಲನ್ನು ಕೆಲಸಕ್ಕೆ ಹಚ್ಚುತ್ತದೆ.

5 ಅಶ್ವಶಕ್ತಿಯ ಒಂದು ಡೀಸೆಲ್ ಪಂಪು ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 1.2 ಲೀಟರ್ ಡೀಸೆಲ್ ಕುಡಿಯುತ್ತದೆ. ಅಷ್ಟೇ ಶಕ್ತಿಯ ಪೆಟ್ರೋಲ್ ಎಂಜಿನ್ನಿಗೆ ಒಂದೂವರೆಯಿಂದ ಎರಡು ಲೀಟರ್ ಬೇಕು. ವರ್ಷಕ್ಕೆ 400 ಗಂಟೆ ನೀರೆತ್ತುವ ರೈತನಿಗೆ ಡೀಸೆಲ್ 480 ಲೀಟರ್ ಆದರೆ ಪೆಟ್ರೋಲ್ 600ರಿಂದ 800 ಲೀಟರ್ ಆಗುತ್ತದೆ. ಇಷ್ಟು ಕೆಲಸವಿರುವಲ್ಲಿ ಡೀಸೆಲೇ ಸರಿ. ಆದರೆ ನಾಲೆಯ ನೀರು ಕೈಕೊಟ್ಟಾಗ ವರ್ಷಕ್ಕೆ ಮೂವತ್ತು ನಲವತ್ತು ಗಂಟೆ ಮಾತ್ರ ಪಂಪು ಬಳಸುವವರಿಗೆ, ಒಬ್ಬರೇ ಹೊತ್ತು ಸಾಗಿಸಬಹುದಾದ ಪೆಟ್ರೋಲ್ ಪಂಪು ಅನುಕೂಲ. ಹೆಚ್ಚು ಒತ್ತಡವನ್ನು ತಡೆಯಲು ಡೀಸೆಲ್ ಎಂಜಿನ್ನಿನ ಎರಕ ದಪ್ಪವಾಗಿರಬೇಕಾಗುತ್ತದೆ. ಆದ್ದರಿಂದಲೇ ಅದು ಭಾರ, ಬೆಲೆಯೂ ಹೆಚ್ಚು.

ಹೊರೆ ಕಡಿಮೆಯಾದಾಗಲೂ ಇವೆರಡರ ನಡತೆ ಬೇರೆ. ಪೆಟ್ರೋಲ್ ಎಂಜಿನ್ನಿನಲ್ಲಿ ಶಕ್ತಿ ಕಡಿಮೆ ಮಾಡಬೇಕಾದರೆ ಗಾಳಿಯ ಬಾಯಿಯನ್ನೇ ಮುಚ್ಚುತ್ತೇವೆ. ಉಸಿರು ಕಟ್ಟಿದ ಎಂಜಿನ್ನು ಇಂಧನವನ್ನು ವ್ಯರ್ಥ ಮಾಡುತ್ತದೆ. ಡೀಸೆಲ್ ಎಂಜಿನ್ನು ಯಾವಾಗಲೂ ಪೂರ್ತಿ ಗಾಳಿ ಎಳೆಯುತ್ತದೆ. ಕಡಿಮೆಯಾಗುವುದು ಡೀಸೆಲ್ ಮಾತ್ರ. ಹೊರೆ ಹೆಚ್ಚಾದಾಗ ಗವರ್ನರ್ ಹೆಚ್ಚು ಡೀಸೆಲ್ ಬಿಡುತ್ತದೆ. ಗಾಳಿಗೆ ಮೀರಿ ಡೀಸೆಲ್ ಬಂದರೆ ಕಪ್ಪು ಹೊಗೆ ಬರುತ್ತದೆ. ಕಪ್ಪು ಹೊಗೆ ಎಂಜಿನ್ನಿನ ಬಲದ ಗುರುತಲ್ಲ, ಉರಿಯದೆ ಹೋದ ಹಣದ ಗುರುತು.

ಇನ್ನೊಂದು ಸಂಗತಿ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು. ಪ್ರತಿ 100 ಮೀಟರಿಗೆ ಎಂಜಿನ್ನಿನ ಶಕ್ತಿ ಸುಮಾರು ಶೇಕಡಾ 1ರಷ್ಟು ಇಳಿಯುತ್ತದೆ. ಟರ್ಬೊ ಇಲ್ಲದ ಸಾಮಾನ್ಯ ಎಂಜಿನ್ನುಗಳಲ್ಲಿ, ಪೆಟ್ರೋಲಾಗಲಿ ಡೀಸೆಲಾಗಲಿ, ಫಲಕದ ಮೇಲೆ ಬರೆದ ಶಕ್ತಿಗಿಂತ ಶೇಕಡಾ 7ರಷ್ಟು ಕಡಿಮೆ ಸಿಗುತ್ತದೆಂದು ಲೆಕ್ಕ ಹಾಕಿಯೇ ಪಂಪನ್ನು ಜೋಡಿಸಬೇಕು.

ಒಂದರ ಬದಲು ಇನ್ನೊಂದು ಹಾಕಿದರೆ

ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಬಿದ್ದರೆ ನಷ್ಟ ದೊಡ್ಡದು. ಡೀಸೆಲ್ ಇಂಧನ ಮಾತ್ರವಲ್ಲ, ಇಂಜೆಕ್ಷನ್ ಪಂಪಿಗೆ ಅದೇ ಜಾರೆಣ್ಣೆ. ಆ ಪಂಪಿನೊಳಗಿನ ಪ್ಲಂಜರಿಗೂ ಅದರ ಗೂಡಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎರಡು ಮೂರು ಭಾಗ ಮಾತ್ರ. ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಿಮೆ. ಪೆಟ್ರೋಲ್ ಈ ಜಿಡ್ಡನ್ನು ತೊಳೆದುಬಿಡುತ್ತದೆ. ಲೋಹಕ್ಕೆ ಲೋಹ ಉಜ್ಜಿ ಪಂಪೂ ನಾಜಲ್ಲೂ ಕೆಡುತ್ತವೆ. ಹೊಸ ಟ್ರ್ಯಾಕ್ಟರುಗಳ ಅಧಿಕ ಒತ್ತಡದ ಪಂಪುಗಳಲ್ಲಿ ಇದರ ಅಪಾಯ ಇನ್ನೂ ಹೆಚ್ಚು.

ಪೆಟ್ರೋಲ್ ಎಂಜಿನ್ನಿಗೆ ಡೀಸೆಲ್ ಬಿದ್ದರೆ ಅದು ಆವಿಯಾಗುವುದಿಲ್ಲ. ಪ್ಲಗ್ಗು ಒದ್ದೆಯಾಗಿ ಕಿಡಿ ನಿಲ್ಲುತ್ತದೆ, ದಟ್ಟ ಹೊಗೆ ಬರುತ್ತದೆ, ಎಂಜಿನ್ ನಿಂತುಹೋಗುತ್ತದೆ. ಉರಿಯದ ಡೀಸೆಲ್ ಕೆಳಗಿಳಿದು ಎಂಜಿನ್ ಆಯಿಲನ್ನು ತೆಳುವಾಗಿಸುತ್ತದೆ. ಟ್ಯಾಂಕು, ಕಾರ್ಬ್ಯುರೇಟರ್, ಪ್ಲಗ್ಗು ಶುಚಿಮಾಡಿ, ಆಯಿಲ್ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಿಂದೆ ಬಳಕೆಯಲ್ಲಿದ್ದ ಸೀಮೆಎಣ್ಣೆ ಪಂಪುಗಳನ್ನು ಮೊದಲು ಪೆಟ್ರೋಲಿನಲ್ಲಿ ಹೊತ್ತಿಸಿ, ಎಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಿದ್ದುದಕ್ಕೂ ಇದೇ ಕಾರಣ: ತಣ್ಣಗಿನ ಎಂಜಿನ್ನಿನಲ್ಲಿ ಸೀಮೆಎಣ್ಣೆ ಆವಿಯಾಗುವುದಿಲ್ಲ.

ತಪ್ಪು ಇಂಧನ ಬಿದ್ದದ್ದು ತಿಳಿದೊಡನೆ ಎಂಜಿನ್ನನ್ನು ಹೊತ್ತಿಸಲೇಬಾರದು. ಕೀಲಿಯನ್ನೂ ತಿರುಗಿಸಬಾರದು, ಏಕೆಂದರೆ ಕೆಲವು ಯಂತ್ರಗಳಲ್ಲಿ ಅಷ್ಟಕ್ಕೇ ಪಂಪು ಚಾಲೂ ಆಗುತ್ತದೆ. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸಿ, ಫಿಲ್ಟರ್ ಬದಲಿಸಿ, ಹೊಸ ಇಂಧನ ತುಂಬಿ, ಕೊಳವೆಯ ಗಾಳಿ ತೆಗೆಯಬೇಕು. ಸ್ವಲ್ಪವೇ ಬಿದ್ದಿದೆ, ಬೆರೆತು ಹೋಗುತ್ತದೆ ಎಂದು ಬಿಡುವುದು ಸರಿಯಲ್ಲ. ಎರಡು ಕ್ಯಾನುಗಳಿಗೆ ಬೇರೆ ಬೇರೆ ಬಣ್ಣ ಬಳಿದು, ದೊಡ್ಡ ಅಕ್ಷರದಲ್ಲಿ ಹೆಸರು ಬರೆದಿಟ್ಟರೆ ಈ ತೊಂದರೆಯೇ ಬರುವುದಿಲ್ಲ.

ಎರಡು ಹೊಡೆತದ ಪೆಟ್ರೋಲ್ ಎಂಜಿನ್ನು

ಜಾವಾ ಮತ್ತು ಯೆಜ್ಡಿ ಗಾಡಿಗಳು ಎರಡು ಹೊಡೆತದ ಎಂಜಿನ್ನಿನವು. ಇಂದಿನ ಅನೇಕ ಕಳೆ ಕತ್ತರಿಸುವ ಯಂತ್ರಗಳು ಮತ್ತು ಪವರ್ ಸ್ಪ್ರೇಯರುಗಳೂ ಇದೇ ಜಾತಿಯವು. ಇವುಗಳಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಎಂಜಿನ್ನಿನ ತಳದ ಪೆಟ್ಟಿಗೆಯ ಮೂಲಕ ಹಾದು ಮೇಲೇರುತ್ತದೆ. ತಳದಲ್ಲಿ ಆಯಿಲ್ ನಿಲ್ಲಿಸಲು ಜಾಗವೇ ಇಲ್ಲ. ಆದ್ದರಿಂದ ಪೆಟ್ರೋಲಿನಲ್ಲಿಯೇ 2ಟಿ ಆಯಿಲ್ ಬೆರೆಸಬೇಕು. ತಯಾರಕರ ಪುಸ್ತಕದಲ್ಲಿ 1:25 ಎಂದಿದ್ದರೆ ಲೀಟರಿಗೆ 40 ಮಿ.ಲೀ., 1:50 ಎಂದಿದ್ದರೆ 20 ಮಿ.ಲೀ. ಅಂದಾಜಿನಲ್ಲಿ ಸುರಿಯದೆ ಅಳತೆಯ ಲೋಟ ಬಳಸಬೇಕು. ಆಯಿಲ್ ಮರೆತರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಪ್ಲಗ್ಗೂ ಸೈಲೆನ್ಸರೂ ಮಸಿ ಕಟ್ಟುತ್ತವೆ. ನಾಲ್ಕು ಹೊಡೆತದ ಯಂತ್ರಗಳಿಗೆ ಮಾತ್ರ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಬಾರದು.

ಎಥನಾಲ್ ಮತ್ತು ಹೊಂಗೆ ಎಣ್ಣೆ

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಇದು ಕಬ್ಬು ಮತ್ತು ಧಾನ್ಯಗಳಿಂದ ತಯಾರಾಗುವ ಮದ್ಯಸಾರ. ಇದರಿಂದ ಆಕ್ಟೇನ್ ಸಂಖ್ಯೆ ಹೆಚ್ಚುತ್ತದೆ. ಆದರೆ ಲೀಟರಿಗೆ ಶಕ್ತಿ ಸ್ವಲ್ಪ ಕಡಿಮೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಸೇರಿ ಟ್ಯಾಂಕಿನ ತಳಕ್ಕೆ ಇಳಿದು ಬೇರೆಯಾಗುತ್ತವೆ. ಹಳೆಯ ಯಂತ್ರಗಳ ರಬ್ಬರ್ ಭಾಗಗಳೂ ಇದಕ್ಕೆ ಹಾಳಾಗಬಹುದು. ಕಳೆ ಕತ್ತರಿಸುವ ಯಂತ್ರವನ್ನು ತಿಂಗಳಿಗಿಂತ ಹೆಚ್ಚು ಕಾಲ ಬಳಸದೆ ಇಡುವುದಾದರೆ ಟ್ಯಾಂಕನ್ನು ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ತೀರುವವರೆಗೆ ಎಂಜಿನ್ ಓಡಿಸಿ ಇಡಬೇಕು.

ಡೀಸೆಲ್ ಎಂಜಿನ್ನಿಗೆ ಸಸ್ಯದ ಎಣ್ಣೆ ಹೊಸ ವಿಚಾರವಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿಯೇ ಒಂದು ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಲಾಗಿತ್ತು. ನಮ್ಮಲ್ಲಿ ಹಾಸನ ಬಳಿಯ ಮಡೆನೂರಿನಲ್ಲಿರುವ ಜೈವಿಕ ಇಂಧನ ಉದ್ಯಾನದಲ್ಲಿ ಹೊಂಗೆ, ಬೇವು, ಹಿಪ್ಪೆ ಮುಂತಾದ ಬೀಜಗಳ ಎಣ್ಣೆಯ ಬಗ್ಗೆ ಕೆಲಸ ನಡೆದಿದೆ. ಆದರೆ ಗಾಣದಿಂದ ತಂದ ಹೊಂಗೆ ಎಣ್ಣೆಯನ್ನು ನೇರವಾಗಿ ಟ್ರ್ಯಾಕ್ಟರಿಗೆ ಸುರಿಯುವುದು ಬೇಡ. ಅದು ಡೀಸೆಲಿಗಿಂತ ಬಹಳ ಮಂದ. ನಾಜಲ್ಲಿನಲ್ಲಿ ಮಂಜಾಗದೆ ಹನಿಯಾಗಿ ಬಿದ್ದು, ಅರೆಬರೆ ಉರಿದು, ಮಸಿ ಕಟ್ಟುತ್ತದೆ. ಮೆಥನಾಲ್ ಜೊತೆ ಸಂಸ್ಕರಿಸಿ ಗ್ಲಿಸರಿನ್ ಬೇರ್ಪಡಿಸಿದ ಮೇಲೆ ಮಾತ್ರ ಅದು ಬಯೋಡೀಸೆಲ್ ಎನಿಸಿಕೊಳ್ಳುತ್ತದೆ.

ಡೀಸೆಲಿನ ಶುಚಿತ್ವ

ಪೆಟ್ರೋಲ್ ಎಂಜಿನ್ನು ಸ್ವಲ್ಪ ಕಸವನ್ನು ತಾಳಿಕೊಂಡೀತು, ಡೀಸೆಲ್ ಎಂಜಿನ್ನು ತಾಳಲಾರದು. ಡೀಸೆಲಿನಲ್ಲಿ ದೂಳು, ನೀರು ಇವೆರಡೂ ಶತ್ರುಗಳು. ಡ್ರಮ್ಮನ್ನು ನೆರಳಿನಲ್ಲಿ, ತುಸು ಓರೆಯಾಗಿ ಇಡಬೇಕು. ತಂದ ಡೀಸೆಲನ್ನು ಒಂದು ದಿನ ಅಲುಗಿಸದೆ ಬಿಟ್ಟರೆ ನೀರು, ಕೆಸರು ತಳಕ್ಕೆ ಇಳಿಯುತ್ತವೆ. ತಳದ ಎರಡು ಮೂರು ಅಂಗುಲ ಡೀಸೆಲನ್ನು ಬಳಸಬಾರದು. ಟ್ಯಾಂಕನ್ನು ಬೆಳಿಗ್ಗೆಯ ಬದಲು ಸಂಜೆ ಕೆಲಸ ಮುಗಿದ ಮೇಲೆ ತುಂಬಿಸಬೇಕು. ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ.

ಡೀಸೆಲ್ ಪೂರ್ತಿ ಮುಗಿಯುವವರೆಗೆ ಎಂಜಿನ್ ಓಡಿಸಬಾರದು. ಕೊಳವೆಯಲ್ಲಿ ಗಾಳಿ ಸೇರಿದರೆ ಪಂಪು ಗಾಳಿಯನ್ನೇ ಅದುಮುತ್ತಾ ಇರುತ್ತದೆ, ಡೀಸೆಲ್ ಮುಂದೆ ಹೋಗುವುದಿಲ್ಲ. ಆಗ ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದೆ ಡೀಸೆಲ್ ಬರುವವರೆಗೆ ಬಿಟ್ಟು, ಮತ್ತೆ ಬಿಗಿಯಬೇಕು.

ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಗಳು

1. ಬಾವಿಯೊಳಗೆ ಎಂಜಿನ್ ಇಳಿಸಬಾರದು. ನೀರು ಕೆಳಗೆ ಹೋದಾಗ ಬಾವಿಯ ಮೆಟ್ಟಿಲಿನ ಮೇಲೋ ಅಟ್ಟದ ಮೇಲೋ ಎಂಜಿನ್ ಇಟ್ಟು ನಡೆಸುವುದು ಮಾರಕ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯ ಅಳತೆಗೆ ತಕ್ಕಂತೆ ಬೆರೆಸಿದ ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಇದು ಹೆಚ್ಚು. ಗಾಳಿ ಮಿಗುವ ಡೀಸೆಲ್ ಎಂಜಿನ್ನಿನಲ್ಲಿ ಕಡಿಮೆ. ಕಡಿಮೆ ಎಂದ ಮಾತ್ರಕ್ಕೆ ಡೀಸೆಲ್ ಎಂಜಿನ್ನನ್ನಾದರೂ ಬಾವಿಯಲ್ಲಾಗಲಿ ಮುಚ್ಚಿದ ಕೋಣೆಯಲ್ಲಾಗಲಿ ನಡೆಸಬಾರದು. ಒಳಗೆ ಇಳಿದವರು ಪ್ರಜ್ಞೆ ತಪ್ಪಿದರೆ ಅವರನ್ನು ಎತ್ತಲು ಇನ್ನೊಬ್ಬರು ಹಾಗೆಯೇ ಇಳಿಯಬಾರದು; ಇಳಿದವರೂ ಉಳಿಯುವುದಿಲ್ಲ. ಕೂಡಲೇ 112ಕ್ಕೆ ಕರೆಮಾಡಬೇಕು.

2. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಾಲು ಭಾರ. ಅದು ಮೇಲೇರದೆ ನೆಲದ ಮೇಲೆ ಹರಿದು ದೂರದ ಒಲೆಯನ್ನು ತಲುಪಬಲ್ಲದು. ಅಡುಗೆಮನೆಯ ಹತ್ತಿರ ಪೆಟ್ರೋಲ್ ಇಡಬಾರದು. ಎಂಜಿನ್ ತಣ್ಣಗಾಗುವ ಮೊದಲು ಪೆಟ್ರೋಲ್ ತುಂಬಬಾರದು. ಸ್ವಂತ ಬಳಕೆಗೆ ಪರವಾನಗಿ ಇಲ್ಲದೆ 30 ಲೀಟರಿಗಿಂತ ಹೆಚ್ಚು ಪೆಟ್ರೋಲ್ ಇಡಲು ಕಾನೂನಿನಲ್ಲಿ ಅವಕಾಶವಿಲ್ಲ.

3. ಡೀಸೆಲ್ ನಾಜಲ್ಲಿನ ಸಿಂಪಡಿಕೆಯನ್ನು ಕೈ ಅಡ್ಡವಿಟ್ಟು ಪರೀಕ್ಷಿಸಬಾರದು. ಹಳೆಯ ಆಯಿಲ್ ಎಂಜಿನ್ನುಗಳಲ್ಲಿಯೂ ಒತ್ತಡ ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಂ ಸುಮಾರು ಇರುತ್ತದೆ. ಆ ತುಂತುರು ಸೂಜಿಯಂತೆ ಚರ್ಮ ತೂರಿ ಒಳಹೋಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ, ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ತಿಳಿಸಬೇಕು. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

4. ಕ್ಯಾನಿನಿಂದ ಪೆಟ್ರೋಲನ್ನಾಗಲಿ ಡೀಸೆಲನ್ನಾಗಲಿ ಬಾಯಿಂದ ಹೀರಿ ತೆಗೆಯಬಾರದು. ನುಂಗಿದ್ದು ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಅಂಥವರಿಗೆ ವಾಂತಿ ಮಾಡಿಸದೆ ಆಸ್ಪತ್ರೆಗೆ ಒಯ್ಯಬೇಕು.

ಹೊಗೆಯ ಬಣ್ಣ ನೋಡಿ ದೋಷ ತಿಳಿಯುವುದು

ಕಪ್ಪು ಹೊಗೆ: ಇಂಧನ ಹೆಚ್ಚು, ಗಾಳಿ ಕಡಿಮೆ. ಗಾಳಿಯ ಫಿಲ್ಟರ್ ಕಟ್ಟಿರಬಹುದು, ಹೊರೆ ಮಿತಿಮೀರಿರಬಹುದು, ಡೀಸೆಲ್ ಎಂಜಿನ್ನಾದರೆ ನಾಜಲ್ ಹನಿಯುತ್ತಿರಬಹುದು, ಪೆಟ್ರೋಲ್ ಎಂಜಿನ್ನಾದರೆ ಚೋಕ್ ಮುಚ್ಚಿಯೇ ಉಳಿದಿರಬಹುದು.

ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗುಗಳು ಸವೆದಿವೆ. ಎರಡು ಹೊಡೆತದ ಎಂಜಿನ್ನಿನಲ್ಲಿ ತುಸು ನೀಲಿ ಹೊಗೆ ಸಹಜ.

ಬಿಳಿ ಹೊಗೆ: ಡೀಸೆಲ್ ಎಂಜಿನ್ನು ಹೊತ್ತಿದ ಕೆಲವು ನಿಮಿಷ ಬಂದರೆ ಚಿಂತೆಯಿಲ್ಲ. ಕಾದ ಮೇಲೂ ಬಂದರೆ ಡೀಸೆಲ್ ಉರಿಯದೆ ಹೋಗುತ್ತಿದೆ ಅಥವಾ ಸಿಲಿಂಡರಿಗೆ ನೀರು ಸೇರುತ್ತಿದೆ.

ಎಂಜಿನ್ ಹತ್ತಿಕೊಳ್ಳದಿದ್ದಾಗ ಗಾಬರಿಯಿಂದ ಎಲ್ಲವನ್ನೂ ಬಿಚ್ಚುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಪೆಟ್ರೋಲ್ ಎಂಜಿನ್ನಾದರೆ, ಕಿಡಿ ಬರುತ್ತಿದೆಯೇ? ಪ್ಲಗ್ಗು ಶುಚಿಯಾಗಿದೆಯೇ? ಡೀಸೆಲ್ ಎಂಜಿನ್ನಾದರೆ, ಕಾವು ಹುಟ್ಟುತ್ತಿದೆಯೇ, ಅಂದರೆ ಗಾಳಿ ಚೆನ್ನಾಗಿ ಅದುಮುತ್ತಿದೆಯೇ? ಡೀಸೆಲ್ ಗಾಳಿಗುಳ್ಳೆಯಿಲ್ಲದೆ ನಾಜಲ್ಲಿಗೆ ತಲುಪುತ್ತಿದೆಯೇ? ಹೆಚ್ಚಿನ ತೊಂದರೆಗಳ ಉತ್ತರ ಇಲ್ಲಿಯೇ ಸಿಗುತ್ತದೆ. ಇಷ್ಟು ನೋಡಿಕೊಂಡ ರೈತನು ಮೆಕ್ಯಾನಿಕ್ಕಿನ ಬಳಿಗೆ ಹೋದಾಗಲೂ ತನ್ನ ಎಂಜಿನ್ನಿನ ದೋಷ ಯಾವ ಕಡೆಯದೆಂದು ಹೇಳಬಲ್ಲನು; ಬೇಡದ ಭಾಗಗಳಿಗೆ ಹಣ ತೆರುವುದೂ ತಪ್ಪುತ್ತದೆ.